ನದಿಯ ಕಡೆಯ ಗೇಟು

ಮೊದಲು ಯಾವುದು? ಗುಂಪಿನಲ್ಲಿ ಯಾರೋ ತನ್ನ ಕಡೆ ಬೆರಳು ತೋರಿಸಿದ್ದೋ, ತನ್ನ ಕೈ ಮೇಲೆದ್ದದ್ದೋ? ಬೆರಳು ಮೊದಲಾಗಿದ್ದರೆ ಅದು ಹೆದರಿಕೆ. ಹೆದರಿದವನನ್ನು ಜನ ಬಯ್ಯುತ್ತಾರೆ, ಆಮೇಲೆ ಬಿಟ್ಟುಬಿಡುತ್ತಾರೆ. ತನ್ನನ್ನು ತಾನೂ ಬಿಟ್ಟುಬಿಡಬಹುದು. ಕೈ ಮೊದಲಾಗಿದ್ದರೆ ಅದಕ್ಕೆ ಹೆಸರೇನು? ಬಚ್ಚಲಲ್ಲಿ ಹಲ್ಲುಜ್ಜುತ್ತ ನಿಂತ ಅವನಿಗೆ ಆ ಗಳಿಗೆ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು, ಆದರೆ ಪ್ರತಿಸಲ ಬೇರೆ ಬೇರೆ ಕ್ರಮದಲ್ಲಿ: ಒಮ್ಮೆ ಬೆರಳು, ಕೂಗು, ಕೈ, ಇನ್ನೊಮ್ಮೆ ಕೈ, ಕೂಗು, ಬೆರಳು. ಕಾಲುವೆಯ ಗೇಟು ತಿರುಗಿಸುವ ಗೇಟಣ್ಣನ ಕೆನ್ನೆ ಮಾತ್ರ ಎರಡರಲ್ಲೂ ಒಂದೇ ಸಮ ಅಲ್ಲೇ ಇತ್ತು, ಎರಡು ದಿನದ ಬಿಳಿ ಗಡ್ಡದ ಕುರುಚಲಿನೊಂದಿಗೆ. ಆ ಕುರುಚಲು ಅಂಗೈಗೆ ಚುಚ್ಚಿದ್ದು ಈಗಲೂ ನೆನಪಿತ್ತು. ಬಾಯಿ ಮುಕ್ಕಳಿಸಿ ಉಗಿದ ನೀರು ಜಾಲರಿಯ ತೂತಿನಲ್ಲಿ ಗಿರಕಿ ಹೊಡೆದು ಇಳಿಯಿತು. ಊರಿನವರಿಗೆ ನೀರು ಅಲ್ಲಿಗೆ ಮುಗಿಯುತ್ತದೆ. ಅವನಿಗೆ ಅದು ಅಲ್ಲಿಂದ ಶುರುವಾಗುತ್ತದೆ. ಈ ಉಗುಳೂ ಮಧ್ಯಾಹ್ನದ ಹೊತ್ತಿಗೆ ಊರಾಚೆಯ ಕೊಳಚೆನೀರು ಶುದ್ಧಮಾಡುವ ಘಟಕದಲ್ಲಿ ಕಸ ತಡೆಯುವ ಸರಳುಗಳ ಮುಂದೆ ಬಂದು ನಿಂತು, ನನ್ನನ್ನೇನು ಮಾಡುತ್ತೀಯ ಎಂದು ಕೇಳುತ್ತದೆ. ಅಲ್ಲಿ ಕೆಮಿಸ್ಟಾಗಿದ್ದ ಹದಿನೈದು ವರ್ಷ ಹೀಗೇ ಅನ್ನಿಸಿ ಅವನಿಗೆ ಒಳಗೊಳಗೇ ಒಂದು ಹೆಮ್ಮೆಯಿತ್ತು. ಇವತ್ತು ಆ ತೂತನ್ನು ನೋಡಲಾಗಲಿಲ್ಲ.

ಟವೆಲಿಗೆಂದು ಕೈ ಎತ್ತಿದ. ಬಾಗಿಲ ಬಳಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ ಮಗಳು ತಲೆ ತಗ್ಗಿಸಿ ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು. ಅವನು ಅವಳಿಗೆ ಎಂದೂ ಹೊಡೆದವನಲ್ಲ. ಟವೆಲು ಹಿಡಿದ ಕೈ ಹಾಗೇ ಮೇಲೆ ನಿಂತಿತು. ಇಳಿಸಿದರೆ ಹೊಡೆದಂತಾಗುತ್ತದೋ ಎನ್ನುವ ಹಾಗೆ. ಅವಳು ನಾಚಿಕೊಂಡು, ಏನೂ ಆಗದವಳಂತೆ ಇನ್ನೊಂದು ಲೇಸು ಕಟ್ಟಿ, ಚೀಲ ಹೆಗಲಿಗೇರಿಸಿ ಹೊರಟುಹೋದಳು. ಅಡುಗೆಮನೆಯಿಂದ ಹೆಂಡತಿ ಇದನ್ನು ನೋಡಿದ್ದಳು. ಶಾಲೆಯಲ್ಲಿ ಹುಡುಗಿಯರು ಏನೋ ಆಡಿಕೊಂಡಿದ್ದಾರೆ ಎಂದಳು. ಸ್ವಲ್ಪ ಹೊತ್ತು ಪಾತ್ರೆ ಉಜ್ಜಿದಳು. ಆಮೇಲೆ ತಿರುಗದೆಯೇ ಕೇಳಿದಳು.

"ಹೊಡೆದ್ರಾ?"

"ಗಲಾಟೆಯಲ್ಲಿ ಕೈ ತಗುಲಿರ್ಬೇಕು."

"ತಗುಲೋದು ಯಾವುದು, ಹೊಡೆಯೋದು ಯಾವುದು ಅಂತ ಗೊತ್ತಾಗದಷ್ಟು ಚಿಕ್ಕವಳಲ್ಲ ಅವಳು," ಎಂದಳು ಹೆಂಡತಿ. "ನಾನೂ ಅಲ್ಲ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಬೇಡವಾಗಿತ್ತು. ಸೇತುವೆ ಹತ್ತಿರವಾದಂತೆ ಜನ ಒಬ್ಬೊಬ್ಬರಾಗಿ ಮೂಗಿಗೆ ಬಟ್ಟೆ ಹಿಡಿದರು, ಒಬ್ಬಾಕೆ ಮಗುವಿನ ಮುಖವನ್ನು ಎದೆಗೆ ಒತ್ತಿಕೊಂಡಳು. ಕೆಳಗೆ ನದಿ ಎಂದು ಹೇಳಬಹುದಾದದ್ದು ಮರಳಿನ ನಡುವೆ ಒಂದು ಗೆರೆ. ಮೇಲಿನ ಅಣೆಕಟ್ಟೆಯ ಬಾಗಿಲುಗಳ ರಿಪೇರಿಗೆಂದು ನೀರು ನಿಲ್ಲಿಸಿ ವಾರವಾಗಿತ್ತು. ಈ ಕಿಟಕಿಯಿಂದಲೇ ದಿನವೂ ಆ ಗೆರೆ ಸಣ್ಣಗಾಗುವುದನ್ನು ಅವನು ನೋಡಿದ್ದ. ನೋಡಿದ್ದ, ಆದರೆ ಆ ಬೆಳಗ್ಗೆ ಗೇಟಿನ ಕಡೆ ಕೈ ಎತ್ತುವಾಗ ಅವನ ತಲೆಯಲ್ಲಿದ್ದ ನದಿ ಇದಲ್ಲ. ದಡ ಮುಟ್ಟಿ ಹರಿಯುವ, ಏನು ಹಾಕಿದರೂ ನುಂಗಿ ನೀರು ಕುಡಿಯುವ, ಪುಸ್ತಕದ ನದಿ. ದಡದ ಉದ್ದಕ್ಕೂ ಸತ್ತ ಮೀನುಗಳು ಇನ್ನೂ ಬಿದ್ದಿದ್ದವು, ಬಿಸಿಲಿಗೆ ಹೊಟ್ಟೆ ಊದಿ, ಕೆಲವು ಒಡೆದು. ಕಾಗೆಗಳೂ ಅವನ್ನು ಮುಟ್ಟುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರು ಮಾತಾಡುತ್ತಿದ್ದರು. ಗೇಟಿನವನು ಕುಡಿದು ತೆರೆದನಂತೆ ಎಂದ ಒಬ್ಬ. ಕುಡಿಯದೆ ಯಾರಾದರೂ ಆ ಗಬ್ಬಿನಲ್ಲಿ ನಿಲ್ಲೋಕಾಗುತ್ತಾ ಎಂದ ಇನ್ನೊಬ್ಬ. ಅವನನ್ನು ಅದೇ ಕಾಲುವೆಯಲ್ಲಿ ಅದ್ದಿ ಅದ್ದಿ ತೆಗೀಬೇಕಿತ್ತು ಎಂದು ಮೊದಲನೆಯವನು ಹೇಳಿ, ಆದರೂ ಒಬ್ಬ ಆಫೀಸರ್ ಇದ್ದನಂತೆ, ಎಲ್ಲರ ಎದುರಿಗೇ ಬಾರಿಸಿದನಂತೆ, ಅಂಥವರು ನಾಲ್ಕು ಜನ ಇದ್ದಿದ್ದರೆ ಈ ಊರು ಉದ್ಧಾರ ಆಗ್ತಿತ್ತು ಎಂದ. ಕೆಮಿಸ್ಟ್ ಕಿಟಕಿಯ ಸರಳನ್ನು ಹಿಡಿದುಕೊಂಡ. ಹೊಗಳಿಕೆ ಕುತ್ತಿಗೆಯ ಹಿಂದೆ ಬಿಸಿ ಉಸಿರಿನಂತೆ ಬಂದು ತಗುಲಿತು. ತಿರುಗಿ ಆ ಬಾಯಿಗೆ ಗುದ್ದಬೇಕೆನ್ನಿಸಿತು, ಹಲ್ಲು ಒಳಗೆ ಹೋಗುವ ಹಾಗೆ. ತಿರುಗಿದರೆ ಅವರು ತನ್ನ ಕೈ ಕುಲುಕುತ್ತಾರೆ ಎಂದೂ ಅನ್ನಿಸಿತು.

ಗಾಳಿ ತೊಟ್ಟಿಯ ಕಟ್ಟೆಯ ಮೇಲೆ ನಿಂತಾಗ ಹಸಿ ಮಣ್ಣಿನ ವಾಸನೆ ಬಂತು, ಮೊದಲ ಮಳೆಯ ನಂತರದ್ದು. ತೊಟ್ಟಿ ಆರೋಗ್ಯವಾಗಿದ್ದರೆ ಬರುವ ವಾಸನೆ ಅದು. ಕೆಳಗಿನಿಂದ ಗಾಳಿ ಉಕ್ಕಿ ಕಂದು ನೀರು ಕುದಿಯುವ ಹಾಗೆ ಮಗುಚುತ್ತಿತ್ತು. ಅದರಲ್ಲಿ ಕೋಟಿ ಕೋಟಿ ಕಣ್ಣಿಗೆ ಕಾಣದ ಜೀವಗಳು, ಕೆಲಸದವರ ಬಾಯಲ್ಲಿ ಬರೀ ಹುಳು, ಊರಿನ ಹೊಲಸನ್ನು ತಿಂದು ಕೊಬ್ಬುತ್ತಿದ್ದವು. "ನಮ್ಮ ಸಾರ್ ಹುಳ ಸಾಕಿದ್ದಾರೆ, ಬೇರೆಯವರು ದನ ಸಾಕಿದ ಹಾಗೆ," ಎಂದು ಗೇಟಣ್ಣ ಹೊಸಬರಿಗೆ ಪರಿಚಯ ಮಾಡಿಕೊಡುತ್ತಿದ್ದ. ಸಾಕಿದ್ದು ನಿಜ. ಹಿಂದಿನ ಕೆಮಿಸ್ಟನ ಕಾಲದಲ್ಲಿ ತೊಟ್ಟಿ ಕಪ್ಪಾಗಿ, ಕೊಳೆತು, ನದಿಗೆ ಬರೀ ಚರಂಡಿ ಹೋಗುತ್ತಿತ್ತು. ಇವನು ಬಂದು ತಿಂಗಳುಗಟ್ಟಲೆ ಗಾಳಿ ಹೆಚ್ಚುಕಡಿಮೆ ಮಾಡಿ, ಕೆಸರನ್ನು ಹಿಂದಕ್ಕೆ ತಿರುಗಿಸಿ, ಜ್ವರದ ಮಗುವಿನ ಪಕ್ಕ ಕೂತ ಹಾಗೆ ಕೂತು ಅದನ್ನು ಬದುಕಿಸಿದ್ದ. ಹೆಚ್ಚಾದ ಕೆಸರನ್ನು ತೆಗೆದು ಒಣಗಿಸಿ ಹೊರಗೆ ಹಾಕುತ್ತಿರಬೇಕು, ಅದು ನಿಯಮ. ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಅಷ್ಟು ಒಳ್ಳೆಯ ಕೆಸರು, ನಾಳೆ ಏನಾದರೂ ಆದರೆ ಇರಲಿ ಎಂದು, ತುರ್ತಿಗೆಂದೇ ಖಾಲಿ ಇಡಬೇಕಾದ ತೊಟ್ಟಿಗೆ ಪಂಪು ಮಾಡಿಸಿ ತುಂಬಿಟ್ಟಿದ್ದ. ಹೊಟ್ಟೆಬಾಕ ಅಜ್ಜಿ ಮದುವೆಮನೆಯ ತಿಂಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡ ಹಾಗೆ. ಆ ಬೆಳಗ್ಗೆ ನೀಲಿ ನೀರು ಬಂದಾಗ ಆ ತೊಟ್ಟಿಯಲ್ಲಿ ಒಂದು ಬಕೀಟಿಗೂ ಜಾಗವಿರಲಿಲ್ಲ.

ನೀಲಿಯೂ ಅಲ್ಲ, ಹಸಿರೂ ಅಲ್ಲ. ಕಿಲುಬು ಹಿಡಿದ ತಾಮ್ರದ ಬಣ್ಣ. ಮೊದಲು ವಾಸನೆ ಬಂತು, ಮೂಗಿನ ಮೂಳೆಗೆ ಸೂಜಿ ಚುಚ್ಚಿದಂಥ ಹುಳಿ. ಲೋಹಕ್ಕೆ ಹೊಳಪು ಹಾಕುವ ಯಾವುದೋ ಕಾರ್ಖಾನೆ ತನ್ನ ಪೀಪಾಯಿಗಳನ್ನು ಬೀದಿಯ ಮ್ಯಾನ್‌ಹೋಲಿಗೆ ಸುರಿದಿತ್ತು. ಸರಳಿನ ಬಳಿ ಕಸ ಎತ್ತುತ್ತಿದ್ದವನು ಕೆಮ್ಮುತ್ತ ಮೇಲೆ ಓಡಿಬಂದ. ಆ ನೀರು ಗಾಳಿ ತೊಟ್ಟಿಗೆ ಇಳಿದರೆ ಮಧ್ಯಾಹ್ನದೊಳಗೆ ಎಲ್ಲವೂ ಸಾಯುತ್ತಿತ್ತು. ಮತ್ತೆ ಸಾಕಲು ತಿಂಗಳುಗಳು, ಅಷ್ಟು ದಿನವೂ ಊರಿನ ಹೊಲಸು ಹಾಗೆ ಹಾಗೇ ನದಿಗೆ. ತುರ್ತಿನ ತೊಟ್ಟಿ ತುಂಬಿದೆ. ಉಳಿದದ್ದು ನದಿಯ ಕಡೆಯ ಗೇಟು. ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಮನೆಯ ಸದ್ದಿನಲ್ಲಿ ಅಲ್ಲಿ ಯಾರೂ ಯಾರಿಗೂ ಬಾಯಲ್ಲಿ ಏನನ್ನೂ ಹೇಳುವುದಿಲ್ಲ. ಮುಷ್ಟಿ ಎಂದರೆ ಮುಚ್ಚು, ಒಂದು ಬೆರಳು ಒಳಗಿನ ಗೇಟು, ಎರಡು ಬೆರಳು ನದಿಯದ್ದು. ಅವನು ಕಟ್ಟೆಯ ಮೇಲೆ ನಿಂತು ಎರಡು ಬೆರಳು ಎತ್ತಿದ. ಗೇಟಣ್ಣ ಚಕ್ರದ ಮೇಲೆ ಕೈಯಿಟ್ಟವನು ತಿರುಗಿಸಲಿಲ್ಲ. ನದಿಯ ಕಡೆ ಕತ್ತು ತಿರುಗಿಸಿ ನೋಡಿದ, ಇವನ ಕಡೆ ನೋಡಿದ, ಅಂಗೈ ಮೇಲೆ ಮಾಡಿ ಅಲ್ಲಾಡಿಸಿದ: ಅಲ್ಲಿಗಾ? ನೀರೇ ಇಲ್ಲವಲ್ಲ? ಕೆಮಿಸ್ಟಿಗೆ ಸಿಟ್ಟು ಬಂತು. ತನ್ನ ತೊಟ್ಟಿ ಸಾಯುತ್ತಿರುವಾಗ ಇವನದೊಂದು ಪ್ರಶ್ನೆ. ತೋಳನ್ನು ಪೂರ್ತಿ ನೀಡಿ, ಎರಡು ಬೆರಳನ್ನು ಗಾಳಿಗೆ ಚುಚ್ಚುವ ಹಾಗೆ ಮತ್ತೆ ಎತ್ತಿದ. ಚಕ್ರ ತಿರುಗಿತು. ನದಿಯನ್ನು ಕಾಯಲೆಂದು ಕಟ್ಟಿದ ತೊಟ್ಟಿಯನ್ನು ಕಾಯುವುದಕ್ಕೆ ಅವನು ನದಿಯ ಬಾಯಿಗೆ ವಿಷ ಬಿಟ್ಟ. ಇದನ್ನು ಇಷ್ಟು ಸರಳವಾಗಿ ಅವನು ತನಗೆ ಹೇಳಿಕೊಂಡದ್ದು ಈಗ, ಮೂರನೆಯ ದಿನ, ಕಟ್ಟೆಯ ಮೇಲೆ ನಿಂತು. ಆಗ ಅನ್ನಿಸಿದ್ದು ಬರೀ ನೆಮ್ಮದಿ. ಅಪಾಯ ಕಳೆದ ಮೇಲೆ ಕೆಳಗಿಳಿದು ಒಂದು ಲೋಟ ಚಹಾ ಕುಡಿದಿದ್ದ.

ಲ್ಯಾಬಿನ ಕಿಟಕಿಯ ಗಾಜು ಒಡೆದಿತ್ತು. ಗೋಡೆಯ ಮೇಲೆ ಎಸೆದ ಮೀನಿನ ಹುರುಪೆಗಳು ಒಣಗಿ ಅಂಟಿಕೊಂಡು ಹೊಳೆಯುತ್ತಿದ್ದವು. ಬಲೆಯವರು ಬುಟ್ಟಿಗಟ್ಟಲೆ ತಂದು ಸುರಿದಿದ್ದನ್ನು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ್ದರು, ಆದರೂ ವಾಸನೆ ಮೇಜಿನ ಖಾನೆಯೊಳಗೂ ಹೊಕ್ಕಿತ್ತು. ಅವನು ತೊಟ್ಟಿಯಿಂದ ತಂದ ನೀರಿನ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ದಂಟಿನ ಮೇಲೆ ಗಂಟೆಯ ಹಾಗೆ ಅರಳಿದವು ಬಾಯಿ ತೆರೆದು ಮುಚ್ಚಿ ತಿನ್ನುತ್ತಿದ್ದವು. ಒಂದು ದೊಡ್ಡದು ಬಂದು, ಒಂದು ಸಣ್ಣದನ್ನು ಸುತ್ತಿ, ಒಳಗೆ ಎಳೆದುಕೊಂಡಿತು. ಒಳಗೆ ಹೋದದ್ದು ಸ್ವಲ್ಪ ಹೊತ್ತು ಒದ್ದಾಡಿ ಸುಮ್ಮನಾಯಿತು. ಎಲ್ಲ ಚೆನ್ನಾಗಿತ್ತು. ಕೊನೆಯ ತೊಟ್ಟಿಯಿಂದ ಹೊರಗೆ ಹೋಗುವ ನೀರು ಇವತ್ತು ಗಾಜಿನ ಹಾಗಿತ್ತು, ಇಷ್ಟು ವರ್ಷದಲ್ಲಿ ಇಷ್ಟು ತಿಳಿ ಬಂದದ್ದಿಲ್ಲ. ಸತ್ತ ನದಿಗೆ ಅದು ಬೀಳುತ್ತಿತ್ತು, ಹೆಣಕ್ಕೆ ಹೊಸ ಬಟ್ಟೆ ಹಾಕಿದ ಹಾಗೆ. ಅವನು ಮಸೂರವನ್ನು ಕೆಳಗೆ ತಿರುಗಿಸಿದ. ಇನ್ನೂ ತಿರುಗಿಸಿದ. ಪಟ್ಟಿ ಚಟ್ಟನೆ ಒಡೆಯಿತು. ಆಗಲೂ ಕೈ ನಿಲ್ಲಲಿಲ್ಲ. ಗಾಜು ಪುಡಿಯಾಗಿ ಕಿರ್ ಎನ್ನುವವರೆಗೆ ಅದು ತನ್ನ ಪಾಡಿಗೆ ತಿರುಗಿಸುತ್ತಲೇ ಇತ್ತು.

ಆ ದಿನ ಬಲೆಯವರು ಬಂದಾಗ ಅವನು ಇದೇ ಕುರ್ಚಿಯಲ್ಲಿದ್ದ. ಮೊದಲು ಕೇಳಿಸಿದ್ದು ಕೂಗಲ್ಲ, ಬ್ಲೋವರ್ ನಿಂತದ್ದು. ಯಾರೋ ಸ್ವಿಚ್ಚು ಕಿತ್ತಿದ್ದರು. ಆ ಮೌನದಲ್ಲಿ ಕಾಲುಗಳ ಸದ್ದು. ಹೊರಗೆ ಬಂದಾಗ ಕಾಲುವೆಯ ಪಕ್ಕ ಐವತ್ತು ಅರವತ್ತು ಜನ, ಕೈಯಲ್ಲಿ ದೋಣಿಯ ಹುಟ್ಟುಗಳು, ಕಬ್ಬಿಣದ ಕೊಕ್ಕೆಗಳು, ಹೆಂಗಸರ ತಲೆಯ ಮೇಲೆ ಸೋರುವ ಬುಟ್ಟಿಗಳು. ಗೇಟಣ್ಣ ಚಕ್ರಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಬಲೆಯವರ ಹಿರಿಯನೊಬ್ಬ, ಎದೆಯ ಮೂಳೆ ಎಣಿಸಬಹುದಾದ ಮುದುಕ, ಒಂದು ಮೀನನ್ನು ಕಿವಿರಿಗೆ ಬೆರಳು ಹಾಕಿ ಎತ್ತಿ ಹಿಡಿದಿದ್ದ. ಅದು ಇನ್ನೂ ಸತ್ತಿರಲಿಲ್ಲ; ಬಾಯಿ ತೆಗೆದು ಮುಚ್ಚುತ್ತಿತ್ತು, ಬಾಯಿಯ ಸುತ್ತ ಲೋಳೆ. ಮುದುಕ ಕೂಗಲಿಲ್ಲ. ಮನೆಗೆ ಬಂದ ನೆಂಟನನ್ನು ಮಾತಾಡಿಸುವ ಹಾಗೆ ಕೇಳಿದ.

"ಗೇಟು ತೆರೆದದ್ದು ಯಾರಪ್ಪಾ?"

"ನಾನೇ ತೆರೆದೆ," ಎಂದ ಗೇಟಣ್ಣ. ಅವನಿಗೆ ಗೊತ್ತಿದ್ದದ್ದು ಅದು; ಚಕ್ರ ತಿರುಗಿಸಿದ್ದು ಅವನ ಕೈ. ಹೇಳಿ, ಮೆಟ್ಟಿಲ ಮೇಲಿದ್ದ ಕೆಮಿಸ್ಟನ ಕಡೆ ನೋಡಿದ. ಬೇಡಿದ ನೋಟವಲ್ಲ. ಮುಂದಿನದು ನೀವು ಹೇಳಿ ಎಂದು ಸರದಿ ಬಿಟ್ಟುಕೊಟ್ಟ ನೋಟ. ಕೆಮಿಸ್ಟ್ ಮೆಟ್ಟಿಲಿಳಿದ. ಜನ ದಾರಿ ಬಿಟ್ಟರು, ಇಸ್ತ್ರಿ ಮಾಡಿದ ಅಂಗಿಗೆ ಬಿಡುವ ಹಾಗೆ. ಬೆರಳು ಆಗ ಬಂತೋ ಅಥವಾ ಆಮೇಲೋ. ಒಬ್ಬ ಹೆಂಗಸು, ಇವನು ಯಾರು, ಇವನೇ ದೊಡ್ಡವನಾ, ಎಂದದ್ದು ಆಗಲೋ ಅಥವಾ ಏಟು ಬಿದ್ದ ಮೇಲೋ. ಅವನು ಗೇಟಣ್ಣನ ಮುಂದೆ ನಿಂತಿದ್ದ, ಬಾಯಿ ತೆರೆದಿತ್ತು, ಮಾತು ಗಂಟಲಿನವರೆಗೆ ಬಂದಿತ್ತು, ಆ ಮಾತು ಸರಿಯಾದದ್ದೇ ಆಗಿತ್ತು. ಅದು ಬಾಯಿಗೆ ಬರುವುದರೊಳಗೆ ಕೈ ಹೋಗಿತ್ತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಸದ್ದು. ಗೇಟಣ್ಣನ ತಲೆ ಬಲಕ್ಕೆ ಹೋಗಿ ಚಕ್ರದ ಅಂಚಿಗೆ ಬಡಿದು ವಾಪಸು ಬಂತು. ಆಮೇಲೆ ಕೆಮಿಸ್ಟನ ಬಾಯಿಂದ ಬಂದ ಮಾತು ಗಂಟಲಲ್ಲಿದ್ದ ಮಾತಾಗಿರಲಿಲ್ಲ.

"ಯಾರನ್ನ ಕೇಳಿ ತೆರೆದೆ, ಬೋಳೀಮಗನೇ?"

ಗೇಟಣ್ಣ ಅವನನ್ನು ನೋಡಿದ. ಅದೊಂದು ವಿಚಿತ್ರ ನೋಟ, ಲೆಕ್ಕ ತಪ್ಪಿದವನದು. ಕೂಡಿಸಿದ್ದನ್ನೇ ಮತ್ತೆ ಮೇಲಿನಿಂದ ಕೂಡಿಸುವವನದು. ಅಷ್ಟು ಹೊತ್ತು ಹುಟ್ಟುಗಳನ್ನು ನೆಲಕ್ಕೂರಿ ನಿಂತಿದ್ದ ಜನ ಮೊದಲ ಏಟಿಗೇ ಕಾಯುತ್ತಿದ್ದರೋ ಏನೋ. ಅವನ ಕಡೆಯವನೇ ಅವನನ್ನು ಕೊಟ್ಟುಬಿಟ್ಟ ಮೇಲೆ ಇನ್ನು ಅಡ್ಡಿ ಯಾರದು? ಮೊದಲು ಒಂದು ಹುಟ್ಟು ಮೊಣಕಾಲಿಗೆ, ಆಮೇಲೆ ಎಷ್ಟೋ. ಬೆನ್ನಿಗೆ ಬಿದ್ದವು ಮೂಟೆಯ ಮೇಲೆ ಬಿದ್ದ ಹಾಗೆ ದಪ್ಪ ಸದ್ದು ಮಾಡಿದವು. ಒಬ್ಬ ಹೆಂಗಸು ಸತ್ತ ಮೀನನ್ನು ಅವನ ಬಾಯಿಗೆ ತುರುಕಿದಳು, ತಿನ್ನು ತಿನ್ನು ಎನ್ನುತ್ತ, ಅಳುತ್ತ. ಚಕ್ರ ಹಿಡಿಯುತ್ತಿದ್ದ ಕೈಯನ್ನು ಯಾರೋ ಕಟ್ಟೆಯ ಮೇಲಿಟ್ಟು ತುಳಿದರು. ಕೆಮಿಸ್ಟ್ ಪಕ್ಕಕ್ಕೆ ಸರಿದು ನಿಂತಿದ್ದ. ಗುಂಪು ಅವನನ್ನು ಮೆಲ್ಲಗೆ, ಗೌರವದಿಂದ, ಭುಜ ಹಿಡಿದು ಸರಿಸಿತ್ತು: ನೀವು ಬಿಡಿ ಸಾರ್. ಅವನು ಬಿಟ್ಟ. ಅವನ ಅಂಗೈ ಉರಿಯುತ್ತಿತ್ತು. ಆ ಉರಿ ಕೆಟ್ಟದಾಗಿರಲಿಲ್ಲ ಎನ್ನುವುದು ಅವನು ಇವತ್ತಿನವರೆಗೆ ಹತ್ತಿರ ಹೋಗದ ಜಾಗ. ಒಂದು ಗಳಿಗೆ, ಒಂದೇ ಗಳಿಗೆ, ಅವನಿಗೆ ಹಗುರಾಗಿತ್ತು.

ಇಂಜಿನಿಯರ್ ಸಾಹೇಬರು ಹನ್ನೊಂದು ಗಂಟೆಗೆ ಕರೆಸಿದರು. ಒಳ್ಳೆಯ ಮನುಷ್ಯ, ಯಾರ ಮೇಲೂ ದನಿಯೆತ್ತಿದವರಲ್ಲ. ಕಿಟಕಿಯ ಬಾಗಿಲು ಹಾಕಿ, ಕೂರಿಸಿ, ನಿಧಾನವಾಗಿ ವಿವರಿಸಿದರು. ವಿಚಾರಣೆಯ ಅಧಿಕಾರಿ ಬಂದಿದ್ದಾರೆ, ಇವತ್ತೇ ಆಸ್ಪತ್ರೆಯಲ್ಲಿ ಹೇಳಿಕೆ ತೆಗೆದುಕೊಳ್ಳುತ್ತಾರೆ. ತೆರೆಯಿರಿ ಎಂದು ಆಜ್ಞೆಯಾಗಿತ್ತು ಅಂತಾದರೆ ತುರ್ತಿನ ತೊಟ್ಟಿ ಯಾಕೆ ತುಂಬಿತ್ತು ಎನ್ನುವಲ್ಲಿಗೆ ಹೋಗುತ್ತದೆ; ಅದಕ್ಕೆ ಸಹಿ ಹಾಕಿದವರು ಸ್ವತಃ ಸಾಹೇಬರು. ಗೇಟಿನವನು ತಾನಾಗಿ ತೆರೆದ ಅಂತಾದರೆ ಒಬ್ಬನ ಕೆಲಸಕ್ಕೆ ಮುಗಿಯುತ್ತದೆ. ಪೊಲೀಸ್ ಕೇಸು ಆಗುತ್ತದೆ, ನಿಜ. ಆದರೆ ಮುರಿದ ಕೈಯವನನ್ನು ಯಾವ ಜಡ್ಜು ಒಳಗೆ ಹಾಕುತ್ತಾನೆ? ಆಗಲೇ ಕೈ ಮುರಿದುಕೊಂಡಿದ್ದಾನಲ್ಲ ಎಂದು ಅವರು ಅಂದ ರೀತಿಯಲ್ಲಿ ಅದೂ ಒಂದು ಅನುಕೂಲದಂತೆ ಕೇಳಿಸಿತು. ಕೆಮಿಸ್ಟ್ ಏನೋ ಹೇಳಲು ಹೋದ. ಸಾಹೇಬರು ಕೈ ಅಡ್ಡ ಹಿಡಿದರು.

"ನೋಡಿ ಕೆಮಿಸ್ಟ್ರೇ, ನೀವು ಅವನಿಗೆ ಹೊಡೆದದ್ದೇ ನಮ್ಮನ್ನ ಉಳಿಸಿದ್ದು. ತಪ್ಪು ಅವನದು ಅಂತ ಅವರಿಗೆ ನಂಬಿಕೆ ಬಂದದ್ದೇ ಅದರಿಂದ. ಇಲ್ಲದಿದ್ರೆ ಬ್ಲೋವರ್ ಮನೆಗೆ ಬೆಂಕಿ ಇಡ್ತಿದ್ರು. ಈಗ ಹೋಗಿ ನಾನು ಹೇಳಿದ್ದು ಅಂದ್ರೆ, ಮತ್ತೆ ಯಾಕೆ ಹೊಡೆದ್ರಿ ಅಂತ ಕೇಳಲ್ವಾ? ಏನು ಹೇಳ್ತೀರಿ?"

ಬೆಳಗ್ಗೆಯಿಂದ ಅವನು ಹುಡುಕುತ್ತಿದ್ದದ್ದೂ ಅದರ ಉತ್ತರವನ್ನೇ. ಸಾಹೇಬರು ಅವನ ಮುಖ ನೋಡಿ, ಕರುಣೆಯಿಂದಲೇ, ಮೀನುಗಳು ಬಂದು ಸಾಕ್ಷಿ ಹೇಳುವುದಿಲ್ಲ ಬಿಡಿ ಎಂದು ನಕ್ಕರು. ನಗು ಅವನಿಗೂ ಬಂತು. ಬಂದ ಮೇಲೆ ವಾಪಸು ನುಂಗಲಾಗಲಿಲ್ಲ. ಕಾರಿಡಾರಿನಲ್ಲಿ ನಡೆಯುವಾಗಲೂ ಮುಖದ ಮೇಲೆ ಅದು ಹಾಗೇ ಉಳಿದಿತ್ತು, ಸತ್ತವನ ಹಲ್ಲಿನ ಹಾಗೆ. ಎದುರಿಗೆ ಬಂದ ಕಸ ಎತ್ತುವವನು ಅದನ್ನು ನೋಡಿ ಗೋಡೆಯ ಕಡೆ ತಿರುಗಿಕೊಂಡ.

ಸಾಹೇಬರು ಅಧಿಕಾರಿಯನ್ನು ಕರೆತರುವುದರೊಳಗೆ ಅವನು ಆಸ್ಪತ್ರೆಗೆ ಒಬ್ಬನೇ ಹೋದ. ಹೇಳಿಬಿಡುತ್ತೇನೆ ಎಂದುಕೊಂಡೇ ಹೋದ. ನಡೆಯುತ್ತ ಮಾತು ಜೋಡಿಸಿದ; ಕೆಲಸ ಹೋಗಲಿ, ಜೈಲಾಗಲಿ, ಮಗಳು ಕೈ ಅಡ್ಡ ಹಿಡಿಯದ ಒಂದು ಬೆಳಗ್ಗೆ ಸಿಕ್ಕರೆ ಸಾಕು. ಈ ಯೋಚನೆಯ ಸೊಗಸಿಗೆ ಕಣ್ಣು ತೇವವಾಯಿತು. ಮರುಕ್ಷಣ ಆ ತೇವದ ಮೇಲೆ ಅಸಹ್ಯ ಹುಟ್ಟಿತು.

ವಾರ್ಡಿನ ಕೊನೆಯ ಮಂಚದಲ್ಲಿ ಗೇಟಣ್ಣ ಮಲಗಿದ್ದ. ಇಷ್ಟು ಚಿಕ್ಕ ಮನುಷ್ಯನೇ ಇವನು ಎನ್ನಿಸಿತು. ಬಲಗೈ ಭುಜದವರೆಗೆ ಪ್ಲಾಸ್ಟರ್ ಕಟ್ಟಿ ಹಲಗೆಯಂತೆ ಪಕ್ಕದಲ್ಲಿತ್ತು. ತಲೆಗೆ ಸುತ್ತಿದ ಪಟ್ಟಿ ಬಲಗಿವಿಯನ್ನೂ ಮುಚ್ಚಿ ದವಡೆಯ ಕೆಳಗೆ ಇಳಿದಿತ್ತು. ಒಂದು ಕಣ್ಣು ಬದನೆಕಾಯಿಯ ಬಣ್ಣ. ಕೆಮಿಸ್ಟ್ ಎಡಗಡೆ ಸ್ಟೂಲಿನ ಮೇಲೆ ಕೂತು ಹೇಗಿದ್ದೀಯ ಎಂದ. ಉತ್ತರವಿಲ್ಲ. ಮತ್ತೆ ಕೇಳಿದ. ಗೇಟಣ್ಣ ಸೂರಿನ ಫ್ಯಾನು ನೋಡುತ್ತಿದ್ದ. ಕೋಪ ಬಂದಿದೆ, ಬರಲೇಬೇಕು ಎಂದು ಕೆಮಿಸ್ಟಿಗೆ ಒಂದು ತರಹ ಸಮಾಧಾನವೇ ಆಯಿತು. ಅಷ್ಟರಲ್ಲಿ ಗೇಟಣ್ಣನ ಹೆಂಡತಿ ನೀರಿನ ಬಾಟಲಿ ತುಂಬಿಸಿಕೊಂಡು ಬಂದಳು. ಮೂರು ದಿನದಿಂದ ಅದೇ ಬೆಂಚಿನ ಮೇಲೆ ಮಲಗಿದವಳ ಮುಖ. ಸಾರ್ ಬಂದಿದ್ದಾರೆ ಎಂದು ಅವಳು ಗಂಡನ ಭುಜ ಮುಟ್ಟಿ ತೋರಿಸಿದಳು.

"ಆ ಕಿವಿ ಹೋಯ್ತಣ್ಣಾ, ಅಲ್ಲಿಂದ ಹೇಳಿದ್ರೆ ಕೇಳಲ್ಲ. ಈ ಕಡೆದಕ್ಕೆ ಪಟ್ಟಿ. ಎದುರಿಗೆ ನಿಂತು ಜೋರಾಗಿ ಹೇಳಿ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೂಳೆ ಎಲ್ಲ ಕೂಡುತ್ತಂತೆ. ಕಿವಿ ಮಾತ್ರ ಬರಲ್ಲ ಅಂದ್ರು ಡಾಕ್ಟ್ರು. ಕೋಲಿನ ಏಟಲ್ಲವಂತೆ ಅದು, ಅಂಗೈಯಲ್ಲಿ ಬಾರಿಸಿದ್ದಂತೆ, ಒಳಗೆ ತಮಟೆ ಹರಿದ ಹಾಗೆ ಹರಿದಿದೆಯಂತೆ. ಯಾರು ಅಂತ ಕೇಳಿದ್ರೆ ಇವರು ಗುಂಪಲ್ಲಿ ನೋಡ್ಲಿಲ್ಲ ಅಂತಾರೆ. ಯಾವನ ಕೈಯೋ ಅದು, ಹುಳ ಬಿದ್ದು ಹೋಗ್ಲಿ."

ಅವಳು ಅದನ್ನು ರೇಗಿ ಹೇಳಲಿಲ್ಲ. ಇವತ್ತು ಸೆಕೆ ಎಂದ ಹಾಗೆ ಹೇಳಿದಳು. ಕೆಮಿಸ್ಟ್ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಗೇಟಣ್ಣ ಅವಳ ತುಟಿಯನ್ನು ನೋಡುತ್ತಿದ್ದವನು, ಸುಮ್ಮನಿರೇ, ಹೋಗಿ ಆ ಮಾತ್ರೆ ತಗೊಂಡು ಬಾ, ಅಂಗಡಿ ಮುಚ್ಚಿಬಿಡ್ತಾನೆ ಎಂದ. ದವಡೆ ನೋಯುತ್ತಿತ್ತು, ಪದಗಳು ಒಂದೊಂದಾಗಿ ಕುಂಟುತ್ತ ಬಂದವು. ಅವಳು ಚೀಟಿ ಹಿಡಿದು ಹೋದಳು. ಅವಳ ಚಪ್ಪಲಿಯ ಸದ್ದು ನಿಲ್ಲುವವರೆಗೆ ಇಬ್ಬರೂ ಕಾದರು.

"ಏಟಿನ ವಿಷಯ ನಾನು ಯಾರಿಗೂ ಹೇಳಿಲ್ಲ ಸಾರ್," ಎಂದ ಗೇಟಣ್ಣ. "ಇವಳಿಗೂ ಇಲ್ಲ. ಹೇಳೋದೂ ಇಲ್ಲ. ಅದು ನನ್ನ ಹತ್ರ ಇರ್ಲಿ. ಗೇಟಿನ ವಿಷಯ ನೀವು ಹೇಳಿ."

ಕೆಮಿಸ್ಟ್ ತಲೆ ತಗ್ಗಿಸಿದ್ದ.

"ಎರಡು ಸಲ ಕೈ ತೋರಿಸಿದ್ರಿ. ನಾನು ಕೇಳಿದ್ದೆ. ಅಷ್ಟು ಹೇಳಿ ಸಾಕು. ನನ್ನ ಬಾಯಿಂದ ಬಂದ್ರೆ ಗೇಟಿನವನು ಸಾಹೇಬರ ಮೇಲೆ ಹಾಕ್ತಾನೆ ಅಂತಾರೆ. ನಿಮ್ಮ ಬಾಯಿಂದ ಬರ್ಬೇಕು." ಸ್ವಲ್ಪ ಉಸಿರು ತೆಗೆದುಕೊಂಡ. "ಈ ಕೈಯಲ್ಲಿ ಇನ್ನು ಚಕ್ರ ತಿರುಗಲ್ಲ. ಕೆಲಸ ಅಂತ ಒಂದಿದ್ರೆ ವಾಚ್‌ಮನ್ನೋ ಏನೋ ಹಾಕ್ತಾರೆ. ಕೇಸಾದ್ರೆ ಅದೂ ಇಲ್ಲ. ಬಲೆಯವರ ಬೀದಿ ದಾಟಿಯೇ ನಾನು ಮನೆಗೆ ಹೋಗ್ಬೇಕು ಸಾರ್."

ಅದರಲ್ಲಿ ಗೋಗರೆತ ಇರಲಿಲ್ಲ. ಇದ್ದಿದ್ದರೆ ಕೆಮಿಸ್ಟಿಗೆ ಸುಲಭವಾಗುತ್ತಿತ್ತು. ಇದು ವ್ಯಾಪಾರ, ಸಮಾನರ ನಡುವಿನದು. ಒಬ್ಬ ತನ್ನ ಪಾಲನ್ನು ಮುಂಗಡವಾಗಿ ಕೊಟ್ಟಾಗಿತ್ತು. ಕೆಮಿಸ್ಟ್ ಎದ್ದು ಎದುರಿಗೆ ನಿಂತು, ಕೇಳುವ ಹಾಗೆ, ಹೇಳ್ತೀನಿ ಎಂದ. ಅಂದಾಗ ಅದು ಸುಳ್ಳಾಗಿರಲಿಲ್ಲ. ಗೇಟಣ್ಣ ಕಣ್ಣು ಮುಚ್ಚಿ, ನಿಮ್ಮ ಹುಳಗಳು ಚೆನ್ನಾಗಿವೆಯಾ ಎಂದು ಕೇಳಿದ. ಚೆನ್ನಾಗಿವೆ ಎಂದ ಕೆಮಿಸ್ಟ್. ಅಂತೂ ಅವಾದ್ರೂ ಬದುಕಿದ್ವಲ್ಲ ಎಂದ ಗೇಟಣ್ಣ. ಅದು ಕುಹಕವೋ, ನಿಜವಾದ ಸಂತೋಷವೋ, ಊದಿದ ಮುಖದಲ್ಲಿ ತಿಳಿಯುವ ಹಾಗಿರಲಿಲ್ಲ.

ಸಾಹೇಬರು ಅಧಿಕಾರಿಯೊಂದಿಗೆ ಬಂದರು. ಅಧಿಕಾರಿ ಇನ್ನೂ ಚಿಕ್ಕವನು, ವಾರ್ಡಿನ ವಾಸನೆಗೆ ಬಾಯಿಗೆ ಕರ್ಚೀಫು ಹಿಡಿದೇ ಮಾತಾಡುತ್ತಿದ್ದ. ಖಾಲಿ ಸ್ಟೂಲು ನೋಡಿ ಎಡಗಡೆಯೇ ಕೂತ. ಗೇಟು ತೆರೆದದ್ದು ನೀವೇನಾ ಎಂದು ಗೇಟಣ್ಣನನ್ನು ಕೇಳಿದ; ಕೇಳಿಸದೆ ಅವನು ಸುಮ್ಮನಿದ್ದ. ಸಾಹೇಬರು ಎದುರಿಗೆ ಬಂದು ಗಟ್ಟಿಯಾಗಿ ಹೇಳಿದಾಗ, ಹೌದು, ನಾನೇ ತೆರೆದೆ ಎಂದ. ಯಾರಾದರೂ ಹೇಳಿದ್ದರಾ ಎಂದು ಮುಂದೆ ಕೇಳಬೇಕಾದದ್ದನ್ನು ಅಧಿಕಾರಿ ಕೂಗಲು ಬೇಸರಪಟ್ಟು, ಕೆಮಿಸ್ಟನ ಕಡೆ ತಿರುಗಿದ. ಆವತ್ತು ತೊಟ್ಟಿಯ ಜವಾಬ್ದಾರಿ ನಿಮ್ಮದಲ್ಲವೇ, ತೆರೆಯಲು ನೀವು ಹೇಳಿದ್ದಿರಾ ಎಂದು ಸಣ್ಣ ದನಿಯಲ್ಲಿ ಕೇಳಿದ. ಸಾಹೇಬರು ಕಿಟಕಿಯ ಹೊರಗೆ ನೋಡತೊಡಗಿದರು. ಗೇಟಣ್ಣನಿಗೆ ಪ್ರಶ್ನೆ ಕೇಳಿಸಲಿಲ್ಲ, ಆದರೆ ಪ್ರಶ್ನೆ ಏನೆಂದು ಗೊತ್ತಾಯಿತು. ದಿಂಬಿನ ಮೇಲೆ ತಲೆಯನ್ನು ಕಷ್ಟದಿಂದ ಹೊರಳಿಸಿ, ಒಂದೇ ಕಣ್ಣಿನಲ್ಲಿ ಕೆಮಿಸ್ಟನ ಬಾಯಿಯನ್ನು ನೋಡಿದ.

ಕೆಮಿಸ್ಟ್ ಬಾಯಿ ತೆರೆದ. ಮಾತು ಮತ್ತೆ ಗಂಟಲಿನಲ್ಲಿತ್ತು, ಸರಿಯಾದದ್ದು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದು. ಮತ್ತೆ ಯಾಕೆ ಹೊಡೆದ್ರಿ? ಅಧಿಕಾರಿ ಅದನ್ನು ಕೇಳಿರಲಿಲ್ಲ, ಕೇಳುತ್ತಾನೆ. ಗೇಟಣ್ಣನ ಎದುರು, ಮಾತ್ರೆ ಹಿಡಿದು ಬರುವ ಅವನ ಹೆಂಡತಿಯ ಎದುರು, ಕೇಳುತ್ತಾನೆ. ಅವನ ತುಟಿ ಅಲುಗಿತು. ಗಂಟಲು ಅಲುಗಿತು. ಸಣ್ಣದಾದ, ಸ್ಪಷ್ಟವಾದ, ವಿನಯದ ದನಿಯೊಂದು, ನಾನು ಆಗ ಲ್ಯಾಬಿನಲ್ಲಿದ್ದೆ, ಗೇಟಿನ ಕಡೆ ಏನಾಯಿತೋ ನೋಡಲಿಲ್ಲ ಎಂದಿತು. ಅಧಿಕಾರಿ ಬರೆದುಕೊಂಡ. ಮಾತು ಕೇಳಿಸಲಿಲ್ಲ, ಬರೆಯುವುದನ್ನು ಮಾತ್ರ ಗೇಟಣ್ಣ ನೋಡಿದ. ಅವನ ಭುಜ ದಿಂಬಿಗೆ ಒರಗಿತು. ಊದಿದ ಮುಖದಲ್ಲಿ ಏನೋ ಸಡಿಲಾಗಿ, ಒಡೆದ ತುಟಿ ಬಿಚ್ಚಿ ಸ್ವಲ್ಪ ರಕ್ತ ಬಂತು, ನಗುತ್ತಿದ್ದ. ಮುರಿಯದ ಕೈಯನ್ನು ಎತ್ತಿ ಕೆಮಿಸ್ಟನ ಕೈಯನ್ನು, ಆ ಕೈಯನ್ನೇ, ಹಿಡಿದುಕೊಂಡ.

"ದೊಡ್ಡ ಮನಸ್ಸು ಸಾರ್," ಎಂದ. ತನ್ನ ದನಿ ತನಗೆ ಕೇಳಿಸದವರ ಹಾಗೆ ಗಟ್ಟಿಯಾಗಿ ಎಂದ. ವಾರ್ಡಿನವರೆಲ್ಲ ತಿರುಗಿ ನೋಡಿದರು. "ಬೇರೆ ಯಾರೂ ಹೇಳ್ತಿರ್ಲಿಲ್ಲ."

ಅಧಿಕಾರಿ ಏನು ಎಂಬಂತೆ ಸಾಹೇಬರ ಮುಖ ನೋಡಿದ. ತಲೆಗೆ ಪೆಟ್ಟಾಗಿದೆಯಲ್ಲ, ಪಾಪ ಎಂದರು ಸಾಹೇಬರು. ಇಬ್ಬರೂ ಹೊರಟರು. ಕೆಮಿಸ್ಟನ ಕೈ ಇನ್ನೂ ಗೇಟಣ್ಣನ ಕೈಯಲ್ಲಿತ್ತು. ವರ್ಷಗಟ್ಟಲೆ ಚಕ್ರ ಹಿಡಿದ ಅಂಗೈ, ಒರಟು, ಬೆಚ್ಚಗೆ. ಅವನು ಅದನ್ನು ಬಿಡಿಸಿಕೊಳ್ಳಲಿಲ್ಲ. ಗೇಟಣ್ಣನ ಹೆಂಡತಿ ಮಾತ್ರೆ ತಂದು, ಗಂಡನ ಮುಖ ನೋಡಿ, ಏನಾಯಿತಣ್ಣಾ ಎಂದು ಕೇಳಿದಳು. ಆಗಲೂ, ಮರುದಿನ ಮತ್ತೆ ಹೋದಾಗಲೂ, ಗೇಟಣ್ಣನನ್ನು ಮನೆಗೆ ಕಳಿಸುವ ಮೊದಲೇ ಪೊಲೀಸರು ಮಂಚದ ಬಳಿಗೆ ಬಂದಾಗಲೂ, ಎರಡು ಬೆರಳು ಎತ್ತಿದ್ದು ತಾನು ಎಂದು ಕೆಮಿಸ್ಟ್ ಹೇಳಲಿಲ್ಲ.